ಬಿಚ್ಚಲಾಗದ ಹೊಲಿಗೆ

"ತೋಳು ಸ್ವಲ್ಪ ಮೇಲೆತ್ತು," ಎಂದ ಟೈಲರಮ್ಮನ ಟೇಪು ಹಿಡಿದ ಕೈ ಅಲ್ಲೇ ನಿಂತುಬಿಟ್ಟಿತು. ಮಗಳ ಎಡ ಮುಂಗೈಯ ಒಳಭಾಗದಲ್ಲಿ ಕಪ್ಪಗೆ ಏನೋ ಬರೆದಿತ್ತು. ಸುತ್ತಲಿನ ಚರ್ಮ ಇನ್ನೂ ತೆಳ್ಳಗೆ ಸಿಪ್ಪೆ ಏಳುತ್ತಿತ್ತು.

"ಏನೇ ಇದು?"

"ಹಚ್ಚೆ."

"ಅದು ನಂಗೂ ಕಾಣ್ತಿದೆ. ಏನಂತ ಬರೆದಿದೆ?"

"ಹೀಬ್ರೂ," ಎಂದಳು ಮಗಳು.

ಕೇಳಿದ್ದು ಅರ್ಥ, ಹೇಳಿದ್ದು ಭಾಷೆಯ ಹೆಸರು. ಇನ್ನೊಂದು ಪ್ರಶ್ನೆಗೆ ಎಡೆಕೊಡದೆ ಅಂಗಿಯ ತೋಳು ಕೆಳಗೆಳೆದುಕೊಂಡು, "ಹಳೇ ಅಳತೇನೇ ಸಾಕಮ್ಮ," ಎಂದು ಒಳಗೆ ಹೋಗಿ ಮಲಗಿದಳು. ಟೈಲರಮ್ಮ ಕೊರಳಿಗೆ ಟೇಪು ಹಾಕಿಕೊಂಡು ಹಾಗೆಯೇ ನಿಂತಳು. ತೊಟ್ಟಿಲಿನಿಂದ ಹಿಡಿದು ಮೊನ್ನೆ ಮೊನ್ನೆಯವರೆಗೂ ಅಳತೆ ತೆಗೆದ ಮೈ ಅದು. ಎಲ್ಲಿ ಮಚ್ಚೆ ಇದೆ, ಯಾವ ಭುಜ ಕೊಂಚ ಇಳಿದಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲಳು. ಅಂಥ ಮೈಮೇಲೆ ಈಗ ಅವಳಿಗೆ ಓದಲು ಬಾರದ ಒಂದು ಜಾಗ ಹುಟ್ಟಿಕೊಂಡಿತ್ತು.

ಮಗಳು ಅಮ್ಮನ ಜೊತೆ ನೆಟ್ಟಗೆ ಮಾತಾಡುವುದನ್ನು ಬಿಟ್ಟು ಬಹಳ ಕಾಲವೇ ಆಗಿತ್ತು. ಅದಕ್ಕೆ ಕಾರಣ ಟೈಲರಮ್ಮನಿಗೆ ಗೊತ್ತಿಲ್ಲದ್ದೇನಲ್ಲ. ಮಗಳು ಬಸುರಿ ಎಂದು ತಿಳಿದ ದಿನವೇ ಅವಳು ತಿಳಿಹಳದಿ ಬಟ್ಟೆ ಕತ್ತರಿಸಿ ಒಂದು ಫ್ರಾಕ್ ಹೊಲಿದಿದ್ದಳು. ಅಂಗೈಯಗಲದ ಫ್ರಾಕು, ಬೆನ್ನಿಗೆ ಎರಡು ಪುಟ್ಟ ಗುಂಡಿ. ಆದರೆ ಮಗು ತಿಂಗಳು ತುಂಬುವ ಮುಂಚೆಯೇ ಹುಟ್ಟಿತು, ಉಳಿಯಲಿಲ್ಲ. ಹೆಣ್ಣು ಮಗು. ಟೈಲರಮ್ಮ ಬಸ್ಸು ಹಿಡಿದು ಮಗಳಿದ್ದ ಊರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಳಿಯ ಕೆಲಸಕ್ಕೆ ಮರಳಿದ ಮೇಲೆ ಮಗಳನ್ನು ಸುಧಾರಿಸಿಕೊಳ್ಳಲೆಂದು ತನ್ನ ಮನೆಗೆ ಕರೆಸಿಕೊಂಡಳು. ಅವಳು ಬರುವ ಹಿಂದಿನ ದಿನ ಕೂತು, ಆ ಫ್ರಾಕಿನ ಹೊಲಿಗೆಯನ್ನು ಒಂದೊಂದಾಗಿ ಬ್ಲೇಡಿನಿಂದ ಬಿಚ್ಚಿಹಾಕಿದಳು.

ಬಂದವಳು ಮೊದಲು ತೆರೆದದ್ದೇ ಕಪಾಟನ್ನು. "ಅಮ್ಮಾ, ಆ ಹಳದಿ ಫ್ರಾಕ್ ಎಲ್ಲಿ?"

"ಬಿಚ್ಚಿಬಿಟ್ಟೆ ಕಣೆ. ಕಣ್ಣಿಗೆ ಬಿದ್ದು ಯಾಕೆ ಸಂಕಟ ಅಂತ."

"ಬಟ್ಟೆ?"

"ಯಾರದೋ ಕೋಟಿನ ಜೇಬಿಗೆ ಒಳಬಟ್ಟೆ ಹಾಕಿದೆ. ಹೋದದ್ದು ಹೋಯ್ತು, ಮರೆತುಬಿಡು ತಾಯಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ಆ ಮನೆಯಲ್ಲಿ ಉಳಿದದ್ದು "ಊಟಕ್ಕೆ ಬಾ", "ಹೂಂ", "ಹಸಿವಿಲ್ಲ" ಅಷ್ಟೇ. ಟೈಲರಮ್ಮ ಪ್ರೀತಿಯಿಂದಲೇ ಬಿಚ್ಚಿದ್ದಳು. ಪ್ರೀತಿಯಿಂದ ಮಾಡಿದ್ದಕ್ಕೆ ಕ್ಷಮೆ ಕೇಳುವುದು ಹೇಗೆಂದು ಅವಳಿಗೆ ತೋಚಲಿಲ್ಲ.

ಮರುದಿನ ಅಂಗಡಿಯಿಂದ ದಾರದುಂಡೆ ತರುವ ನೆವ ಹೇಳಿ ಹೊರಟವಳು ನೇರ ಹೋದದ್ದು ಚಪ್ಪಲಿ ಅಂಗಡಿಯ ಮಹಡಿಗೆ. ಊರಿನಲ್ಲಿ ಹಚ್ಚೆ ಹಾಕುವ ಅಂಗಡಿ ಇದ್ದದ್ದು ಅದೊಂದೇ. ಒಳಗೆ ಎದೆ ಮುಟ್ಟುವ ಗಡ್ಡದ, ಬೆರಳ ತುದಿಯವರೆಗೂ ಚಿತ್ರ ತುಂಬಿಕೊಂಡ ಒಬ್ಬ ದೈತ್ಯ ಕೂತು, ಪುಟಾಣಿ ಚಮಚೆಯಲ್ಲಿ ಮೊಸರು ತಿನ್ನುತ್ತಿದ್ದ. ಅವನನ್ನು ಕಂಡು ಹೆದರಬೇಕೋ ನಗಬೇಕೋ ಅವಳಿಗೆ ತಿಳಿಯಲಿಲ್ಲ.

"ಬನ್ನಿ ಅಮ್ಮ. ಮಗನನ್ನ ಹುಡುಕಿಕೊಂಡು ಬಂದ್ರಾ? ಇಲ್ಲಿಗೆ ಬರೋ ಅಮ್ಮಂದಿರೆಲ್ಲ ಬೈಯೋಕೇ ಬರೋದು."

"ಬೈಯೋಕೆ ಬಂದಿಲ್ಲಪ್ಪ," ಎಂದು ಅವಳು ಚೀಲದಿಂದ ಕಪ್ಪು ಬಟ್ಟೆಯ ತುಂಡೊಂದನ್ನು ತೆಗೆದು ಮೇಜಿನ ಮೇಲೆ ಹರಡಿದಳು. ಅದರ ಮೇಲೆ ಸೀಮೆಸುಣ್ಣದಲ್ಲಿ, ನೆನಪಿನಿಂದ ಬಿಡಿಸಿದ ಎರಡು ಅಕ್ಷರಗಳು: ಎಡಕ್ಕೆ ಬಾಯ್ದೆರೆದ ಒಂದು ಡಬ್ಬಿ, ಅದರ ಪಕ್ಕ ಒಂದು ಬಾಗಿಲ ಚೌಕಟ್ಟು. "ನನ್ನ ಮಗಳ ಕೈಮೇಲಿದೆ. ಇದೇನು, ಹೇಳು."

ಗಡ್ಡದವನು ಚಮಚೆ ಕೆಳಗಿಟ್ಟ. "ನನ್ನ ಕೈಬರಹವೇ. ಆದ್ರೆ ಒಂದು ಅಕ್ಷರ ಬಿಟ್ಟಿದ್ದೀರಿ. ಈ ಎಡತುದೀಲಿ, ಮೇಲೆ, ಚಿಕ್ಕದೊಂದು ಇತ್ತು."

"ಅದು ಮಸಿ ಸಿಡಿದದ್ದು ಅಂದ್ಕೊಂಡೆ."

"ಹೊಟ್ಟೆ ಮೇಲೆ ಹೊಡೀಬೇಡಿ ಅಮ್ಮ," ಎಂದು ನಕ್ಕು, ಅವನು ಒಂದು ಆಲ್ಬಮ್ ತೆರೆದು ಅವಳ ಮುಂದಿಟ್ಟ. ಪುಟದ ತುಂಬ ಕಬ್ಬಿಣದ ಕಡಲೆಯಂಥ ಅಕ್ಷರಗಳು. "ಹೀಬ್ರೂ ಕೇಳೋರಿಗೆ ಇದನ್ನ ತೋರಿಸ್ತೀನಿ. ಇದು ಜೀವ. ಇದು ಪ್ರೀತಿ. ಇದು ಶಕ್ತಿ. ಇದು ಶಾಂತಿ, ಜಗಳಗಂಟರೆಲ್ಲ ಇದನ್ನೇ ಹಾಕಿಸ್ಕೊಳ್ಳೋದು. ನಿಮ್ಮ ಮಗಳು ಮಾತ್ರ ಆಲ್ಬಮ್ ಮುಟ್ಟಲೂ ಇಲ್ಲ. ಪದ ಅವರೇ ತಂದಿದ್ರು."

"ಏನದು?"

"ಅದನ್ನ ಅವರನ್ನೇ ಕೇಳಿ. ಒಬ್ಬರ ಮೈಮೇಲಿನ ಮಾತನ್ನ ಇನ್ನೊಬ್ಬರಿಗೆ ನಾನು ಬಿಡಿಸಿ ಹೇಳಲ್ಲ, ಹೆತ್ತವರಿಗೂ ಅಷ್ಟೇ. ನಮ್ಮ ಕೆಲಸದ ಮರ್ಯಾದೆ ಅದು."

ಮರ್ಯಾದೆಯ ಮಾತು ಟೈಲರಮ್ಮನಿಗೆ ಅರ್ಥವಾಯಿತು. ಅವಳೂ ಯಾರ ಸೊಂಟದ ಅಳತೆಯನ್ನೂ ಇನ್ನೊಬ್ಬರಿಗೆ ಹೇಳಿದವಳಲ್ಲ. ಬಟ್ಟೆಯ ತುಂಡನ್ನು ಮಡಚುತ್ತ ಕೇಳಿದಳು, "ಇದನ್ನ ಬಿಚ್ಚೋಕೆ ಬರುತ್ತೇನಪ್ಪ?"

"ಬಿಚ್ಚೋಕಾ? ಇಲ್ಲಮ್ಮ. ಒಂದ್ಸಲ ಒಳಗೆ ಹೋದ್ರೆ ಮನುಷ್ಯರ ಜೊತೇನೇ ಹೋಗೋದು."

ಅಮ್ಮನ ಬ್ಲೇಡು ತಲುಪದ ಜಾಗ ಹುಡುಕಿ ಹೊಲಿಸಿಕೊಂಡಿದ್ದಳು ಹುಡುಗಿ. ಆ ಮಾತು ಏನೇ ಇರಲಿ, ಅದು ಆ ಕೂಸಿನದು ಎಂಬುದರಲ್ಲಿ ಟೈಲರಮ್ಮನಿಗೆ ಅನುಮಾನವೇ ಉಳಿಯಲಿಲ್ಲ.

ಅವಳು ಅಂಗಿಯ ಎಡತೋಳು ಮಡಚಿದಳು. "ಹಾಕು. ಅದನ್ನೇ, ಅಲ್ಲೇ, ಅಷ್ಟೇ ದೊಡ್ಡದು."

"ಅರ್ಥ ಗೊತ್ತಿಲ್ದೆ ನಾನು ಯಾರಿಗೂ ಹಾಕಲ್ಲಮ್ಮ."

"ನನ್ನ ಮಗಳಿಗೆ ಗೊತ್ತಿದೆಯಲ್ಲ?"

"ಚೆನ್ನಾಗಿ ಗೊತ್ತಿದೆ."

"ಹಾಗಾದ್ರೆ ನಂಗೆ ಅಷ್ಟು ಸಾಕು."

ಗಡ್ಡದವನು ಅವಳ ಮುಖವನ್ನೇ ನೋಡಿದ. "ಒಂದು ಕೆಲಸ ಮಾಡೋಣ. ಬರೀ ಅಚ್ಚು ಒತ್ತಿ ಕಳಿಸ್ತೀನಿ. ಮನೇಲಿ ತೋರಿಸಿ. ಬೇಡ ಅನ್ಸಿದ್ರೆ ಸೋಪಲ್ಲಿ ತೊಳೆದ್ರೆ ಹೋಗುತ್ತೆ."

"ತೊಳೆದ್ರೆ ಹೋಗೋದು ಬೇಡಪ್ಪ. ತೆಗೆಯೋ ಕೆಲಸ ನಾನು ಒಂದ್ಸಲ ಮಾಡಿಯಾಗಿದೆ."

ಗಡ್ಡದವನು ಎದ್ದ. ಕೈತೊಳೆದು, ಹೊಸ ಸೂಜಿ ಹಾಕಿ, ಅವಳ ಕೈಯನ್ನು ಮೆತ್ತನೆಯ ದಿಂಬಿನ ಮೇಲಿಟ್ಟ. ಯಂತ್ರ ಗುಂಯ್‌ಗುಟ್ಟತೊಡಗಿತು. "ನೋವಾದ್ರೆ ಹೇಳಿ," ಎಂದ. ಜೀವಮಾನವಿಡೀ ಸೂಜಿಯಿಂದ ಬೆರಳು ಚುಚ್ಚಿಸಿಕೊಂಡವಳು ತುಟಿ ಪಿಟಕ್ ಎನ್ನದೆ ಕೂತು, ಕೊನೆಗೆ, "ನಿನ್ನ ಮೆಷಿನ್ನಿಗೆ ಎಣ್ಣೆ ಬಿಡಬಾರದೇನೋ, ಎಷ್ಟು ಸದ್ದು ಮಾಡುತ್ತೆ," ಎಂದಳು.

ಮನೆಗೆ ಬಂದಾಗ ಮಗಳು ಹೊಲಿಗೆ ಯಂತ್ರದ ಪಕ್ಕ ಕೂತು ಯಾರದೋ ಶರ್ಟಿಗೆ ಗುಂಡಿ ಹಚ್ಚುತ್ತಿದ್ದಳು. ತಲೆ ಎತ್ತಿದವಳ ಕಣ್ಣಿಗೆ ಮೊದಲು ಬಿದ್ದದ್ದು ಅಮ್ಮನ ಕೈಗೆ ಸುತ್ತಿದ ಪ್ಲಾಸ್ಟಿಕ್ ಹಾಳೆ.

"ಅಮ್ಮಾ! ಏನಿದು?"

"ಹೀಬ್ರೂ," ಎಂದಳು ಟೈಲರಮ್ಮ.

ಮಗಳಿಗೆ ನಗು ಉಕ್ಕಿತು. ಎಷ್ಟೋ ದಿನದ ಮೇಲೆ ಬಂದ ನಗು, ಅರ್ಧ ದಾರಿಯಲ್ಲೇ ಅಳುವಾಯಿತು. ಶರ್ಟು ಮಡಿಲಿನಿಂದ ಜಾರಿತು. "ಇದರ ಅರ್ಥ ಗೊತ್ತಾ ನಿಂಗೆ?"

"ಇಲ್ಲ. ನಿನ್ನ ಗಡ್ಡದವನು ಬಾಯಿ ಬಿಡ್ಲಿಲ್ಲ."

"ಗೊತ್ತಿಲ್ದೇನೇ ಹಾಕಿಸ್ಕೊಂಡ್ಯಾ?"

"ನೀನು ಗೊತ್ತಿದ್ದೇ ಹಾಕಿಸ್ಕೊಂಡಿದ್ದೀಯಲ್ಲ."

ಮಗಳು ಅವಳನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಮಾತು ತಡೆತಡೆದು ಬಂತು. "ಆಸ್ಪತ್ರೇಲಿ ಒಬ್ಬರು ವಯಸ್ಸಾದ ನರ್ಸ್ ಇದ್ರು, ಬೇರೆ ದೇಶದಿಂದ ಬಂದೋರು. ಪಾಪೂನ ಟವೆಲ್ಲಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ಹೋಗದೆ ಪಕ್ಕದಲ್ಲೇ ಕೂತ್ರು. ನನ್ನ ತಲೆ ಸವರ್ತಾ 'ಬಿತೀ, ಬಿತೀ' ಅಂತಿದ್ರು. ಏನು ಅಂತ ಕೇಳಿದೆ. ಹೀಬ್ರೂನಲ್ಲಿ 'ನನ್ನ ಮಗಳೇ' ಅಂತಂತೆ. ನಾನೂ ಪಾಪೂಗೆ ಅದನ್ನೇ ಹೇಳಿದೆ ಅಮ್ಮ. ಹೆಸರಿಡೋಕೆ ಹೊತ್ತಿರಲಿಲ್ಲ. ಅದನ್ನ ಕರೆದದ್ದು ಅದೊಂದೇ ಮಾತು. ನಮ್ಮ ಅಕ್ಷರದಲ್ಲಿ ಬರೆಸಿದ್ರೆ ಬಸ್ಸಲ್ಲಿ ಕೂತವರೆಲ್ಲ ಓದಿ, ಎಷ್ಟು ಮಕ್ಕಳು ಅಂತ ಕೇಳ್ತಾರೆ. ಅದಕ್ಕೇ ಇದು."

ಆಸ್ಪತ್ರೆಯ ಆ ಹೊತ್ತಿನಲ್ಲಿ ತಾನು ಬಸ್ಸಿನಲ್ಲಿ ಕೂತು, ಕಿಟಕಿಯಾಚೆ ನೋಡುತ್ತಿದ್ದೆ ಎಂದು ಟೈಲರಮ್ಮನಿಗೆ ನೆನಪಾಯಿತು. ತನ್ನ ಮಗಳನ್ನು ಮಗಳೇ ಎಂದು ಕರೆದ ಆ ಕಾಣದ ಹೆಂಗಸಿನ ಮೇಲೆ ಒಂದು ಗಳಿಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ಅದೇ ಹೆಂಗಸಿನ ಕೈಹಿಡಿದು ಅಳಬೇಕೆನ್ನಿಸಿತು.

"ಫ್ರಾಕ್ ಬಿಚ್ಚಬಾರದಿತ್ತು ಕಣೆ."

"ಹೂಂ," ಎಂದಳು ಮಗಳು. ಅಮ್ಮನ ಕೈಯನ್ನು ಮಾತ್ರ ಬಿಡಲಿಲ್ಲ.

ಪ್ಲಾಸ್ಟಿಕ್ ಬಿಚ್ಚಿ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಮುಲಾಮಿನ ಟ್ಯೂಬ್ ತಂದಳು. ಹೊಲಿಗೆ ಯಂತ್ರದ ದೀಪದ ಕೆಳಗೆ ಎರಡು ಕೈಗಳೂ ಒಂದರ ಪಕ್ಕ ಒಂದು ಇದ್ದವು. ಒಂದು ನುಣುಪು, ಇನ್ನೊಂದು ಸುಕ್ಕು.

"ಈ ಚಿಕ್ಕದು ಏನೇ?" ಟೈಲರಮ್ಮ ಎಡತುದಿಯ ಅಕ್ಷರ ತೋರಿಸಿದಳು. "ನಾನು ಇದನ್ನ ಬಿಟ್ಟೇಬಿಟ್ಟಿದ್ದೆ."

"ಅದೇ ಅಮ್ಮ, 'ನನ್ನ' ಅನ್ನೋದು."

ಮಗಳು ಬೆರಳ ತುದಿಗೆ ಚೂರೇ ಚೂರು ಮುಲಾಮು ತೆಗೆದುಕೊಂಡು, ಮೊದಲು ಅದರ ಮೇಲೆ ಹಚ್ಚಿದಳು.