ಬೀರಪ್ಪನ ಟಗರು ಹಿಡಿದ ದಾರಿ

ಗುಂಡಮ್ಮನಿಗೆ ಬೆಳಗಿನಿಂದ ಒಂದೇ ಆಸೆ. ಕೈಗೊಂದು ಕೋಲು ಸಿಗಬೇಕು, ಮುಂದೆ ಹೊರಟಿರುವ ಟಗರಿನ ಬೆನ್ನಿಗೆ ಬಿಗಿಯಾಗಿ ನಾಲ್ಕು ಬಾರಿಸಬೇಕು. ಆದರೆ ಬಾರಿಸುವ ಹಾಗಿಲ್ಲವಲ್ಲ! ಅದು ಬೀರಪ್ಪನ ಹೆಸರಿಗೆ ಬಿಟ್ಟ ಟಗರು. ಹೊಡೆಯುವಂತಿಲ್ಲ, ಹಗ್ಗ ಹಾಕುವಂತಿಲ್ಲ, ಬೈಗುಳವಂತೂ ಬಾಯಿಗೇ ಬರಬಾರದು. ಹಣೆ ತುಂಬ ಭಂಡಾರದ ಅರಿಶಿನ ಬಳಿಸಿಕೊಂಡು ಅದು ಊರ ಪಾಟೀಲನ ಗತ್ತಿನಲ್ಲಿ ಗುಡ್ಡ ಹತ್ತುತ್ತಿತ್ತು. ಹಿಂದೆ ಗುಂಡಮ್ಮ. ಅವಳ ಹಿಂದೆ, ಒಂದು ಮಾರು ದೂರ ಬಿಟ್ಟು, ಅವಳ ವಾರಗಿತ್ತಿ ರಂಭಾಬಾಯಿ.

ಇಬ್ಬರಿಗೂ ಮಾತು ನಿಂತು ಮಳೆಗಾಲವೊಂದು ಕಳೆದಿತ್ತು. ಗುಂಡಮ್ಮನ ಗಂಡ ಅಮೃತಪ್ಪ, ರಂಭಾಬಾಯಿಯ ಗಂಡ ಮಾಣಿಕಪ್ಪ, ಒಂದೇ ತಾಯಿಯ ಮಕ್ಕಳು. ಬೇರೆಯಾದರು. ಕುರಿ ಹಂಚಿಕೊಂಡರು, ಕಂಬಳಿ ಹಂಚಿಕೊಂಡರು, ಕಾವಲಿನ ನಾಯಿಗಳನ್ನೂ ಹಂಚಿಕೊಂಡರು. ದೇವರ ಜಗಲಿಯ ಮೇಲಿನ ಬೀರಪ್ಪನನ್ನು ಮಾತ್ರ ಹೇಗೆ ಹಂಚುವುದು? ಜಗಳ ಕೊಡಲಿಗೆ ಬಂದಾಗ ವಲಾಂಡಿ ಊರಿನ ಹಿರಿಯ ಮಲ್ಲಣ್ಣ ಬಂದು ತೀರ್ಮಾನ ಹೇಳಿದ. ದೇವರ ಟಗರನ್ನು ಹಳ್ಳದಲ್ಲಿ ಬಿಡ್ರಿ, ಹೊತ್ತು ಮುಳುಗೋದ್ರಾಗ ಅದು ಯಾರ ಹಟ್ಟಿಯೊಳಗ ಮಲಗ್ತದೋ ಬೀರಪ್ಪ ಅವರ ಮನಿಯವ. ಗಂಡಸರು ಹಿಂದ ಹೋದ್ರ ಬಡಿದಾಡಿ ಸಾಯ್ತಾರ, ಹೆಂಗಸರೇ ಹೋಗಲಿ ಎಂದ. ಆಯಿತಲ್ಲ, ಹೇಳಿ ಅವನು ಎಲೆ ಅಡಿಕೆ ಹಾಕಿಕೊಂಡು ಕೂತ. ನಡೆಯುವವರು ಯಾರು?

ಎರಡು ಹಟ್ಟಿಗಳೂ ಹಳ್ಳದ ಆಚೆ ಈಚೆ, ಕೂಗಿದರೆ ಕೇಳುವಷ್ಟು ಹತ್ತಿರ. ದೇವರಂಥ ಟಗರು ಎಡಕ್ಕೆ ಹೋಗಬಹುದಿತ್ತು, ಬಲಕ್ಕೆ ಹೋಗಬಹುದಿತ್ತು. ಅದು ನೆಟ್ಟಗೆ ಗುಡ್ಡದ ಕಡೆ ಮೋರೆ ಮಾಡಿತು.

ಗುಂಡಮ್ಮನಿಗೆ ಬೀರಪ್ಪ ಬೇಕೇ ಬೇಕಿತ್ತು. ಅವಳಿಗೆ ಮಕ್ಕಳಿಲ್ಲ. ಮದುವೆಯಾಗಿ ಬಂದ ದಿನದಿಂದ ಆ ಜಗಲಿ ಸಾರಿಸಿ, ದೀಪ ಹಚ್ಚಿ, ಮನೆಯಲ್ಲಿ ಒಬ್ಬಳೇ ಇದ್ದಾಗ ಅವನೊಂದಿಗೆ ಸುಖದುಃಖ ಮಾತಾಡಿ ಬದುಕಿದವಳು. ನಾಳೆ ಆ ಜಗಲಿ ಬರಿದಾದರೆ ತಾನು ಯಾರ ಮುಂದೆ ಕೂತು ಅಳಬೇಕು? ನಾಲ್ಕು ಮಕ್ಕಳನ್ನು ಹೆತ್ತು ಮನೆ ತುಂಬಿಸಿಕೊಂಡವಳಿಗೆ ದೇವರೂ ಬೇಕಂತೆ! ನೆನೆದರೆ ಗುಂಡಮ್ಮನ ಹೊಟ್ಟೆ ಉರಿಯುತ್ತಿತ್ತು.

ಮುತ್ತಲ ಮರಗಳ ಕಾಡು ದಾಟುವಷ್ಟರಲ್ಲಿ ಬಾರಿ ಗಿಡದ ಮುಳ್ಳಿಗೆ ಸೀರೆ ಎರಡು ಕಡೆ ಹರಿಯಿತು. ಟಗರು ಎಲ್ಲಿ ಮುಳ್ಳಿದೆಯೋ ಅಲ್ಲೇ ನುಗ್ಗುತ್ತಿತ್ತು. ಒಂದು ಬಂಡೆಯ ನೆರಳಲ್ಲಿ ಅದು ನಿಂತಾಗ ಗುಂಡಮ್ಮ ಹಿಂದೆ ಮುಂದೆ ನೋಡಿ, ಉಡಿಯಲ್ಲಿ ಕಟ್ಟಿಕೊಂಡಿದ್ದ ನೆನೆಗಡಲೆ ಬಿಚ್ಚಿದಳು. ಕೆಳಗೆ, ತನ್ನ ಹಟ್ಟಿಯ ದಿಕ್ಕಿಗೆ, ಸಾಲಾಗಿ ಕಾಳು ಚೆಲ್ಲತೊಡಗಿದಳು.

"ಅಗ ಬಾಈ! ಮೋಸ!" ಹಿಂದಿನಿಂದ ರಂಭಾಬಾಯಿ ಕಿರುಚಿದಳು. ಉದಗೀರ ಕಡೆಯ ಮರಾಠಿ ಮನೆಯ ಹೆಣ್ಣು, ಸಿಟ್ಟು ಬಂದರೆ ಮರಾಠಿಯೇ ಮೊದಲು. ಕಿರುಚಿದ ಭರಕ್ಕೆ ಅವಳ ಸೆರಗಿನ ಗಂಟು ಸಡಿಲಿ ಅಂಗೈಯಗಲದ ಬೆಲ್ಲದ ಹೆಂಟೆ ಕೆಳಗೆ ಬಿತ್ತು.

"ಇದೇನವಾ, ನಿನ್ನ ಬೆಲ್ಲಕ್ಕ ಮೋಸ ಅನ್ನೂದಿಲ್ಲೇನು?" ಎಂದಳು ಗುಂಡಮ್ಮ. ಮಳೆಗಾಲದ ನಂತರ ಅದೇ ಮೊದಲ ಮಾತು.

ಟಗರು ನ್ಯಾಯವಂತ ಪ್ರಾಣಿ. ಕಡಲೆ ತಿಂದಿತು, ಬೆಲ್ಲ ತಿಂದಿತು, ತಲೆ ಕೊಡವಿ ಮತ್ತೆ ಮೇಲಕ್ಕೇ ಹೊರಟಿತು.

ಮೇಲೆ ಹಾಳು ಕಿಲ್ಲೆ. ಅದಕ್ಕೂ ಕಾಡಿಗೂ ನಡುವೆ ಗೋಡೆಯಂತೆ ನೆಟ್ಟಗೆ ನಿಂತ ಬಂಡೆ, ಅದರ ಮೈಗೆ ಅಂಟಿಕೊಂಡು ಒಬ್ಬರೇ ಹೋಗುವಷ್ಟು ಅಗಲದ ದಾರಿ. ಟಗರು ಟಕಟಕನೆ ದಾಟಿತು. ಗುಂಡಮ್ಮನ ಮೈ ದೊಡ್ಡದು. ಅರ್ಧ ದಾರಿಗೆ ಹೋಗಿ, ಕೆಳಗಿನ ಕಮರಿ ಕಂಡು, ಬಂಡೆಗೆ ಕೆನ್ನೆ ಹಚ್ಚಿ ನಿಂತುಬಿಟ್ಟಳು. ಕಾಲು ಮುಂದೂ ಬರಲೊಲ್ಲದು, ಹಿಂದೂ ಬರಲೊಲ್ಲದು. ರಂಭಾಬಾಯಿ ಹಿಂದಿನಿಂದ ಬಂದು ಅವಳ ರಟ್ಟೆ ಹಿಡಿದಳು. ವಾರಗಿತ್ತಿಯನ್ನು ಅವಳು ಕರೆಯುತ್ತಿದ್ದದ್ದು ಮರಾಠಿಯಲ್ಲೇ, ಜಾಊಬಾಯಿ ಎಂದು.

"ಕೆಳಗ ನೋಡಬ್ಯಾಡ್ರಿ, ಜಾಊಬಾಯಿ. ನನ್ನ ಮಾತ ಕೇಳ್ರಿ. ಎಡಗಾಲ ಇಡ್ರಿ."

"ಕೈ ಬಿಡು! ನೂಕಬೇಕಂತ ಮಾಡೀಯೇನು?"

"ನೂಕೂದಿದ್ರ ಕೂಡಿ ಇದ್ದಾಗ ನೂಕ್ತಿದ್ದೆ. ಕಾಲ ಇಡ್ರಿ ಸುಮ್ಮಕ!"

ಗುಂಡಮ್ಮ ಹಲ್ಲು ಕಚ್ಚಿ ಕಾಲಿಟ್ಟಳು. ದಾಟಿದ ಮೇಲೆ ಉಪಕಾರವೆಂಬ ಮಾತು ಗಂಟಲವರೆಗೆ ಬಂತು. ಅದನ್ನು ನುಂಗಿ, "ನಿನ್ನ ಉಗುರ ಭಾಳ ಬೆಳದಾವ," ಎಂದಳು.

ಕಿಲ್ಲೆಯ ಬಾಗಿಲಿಗೆ ಕದವೇ ಇಲ್ಲ. ನಿಜಾಮನ ಕಾಲದಲ್ಲಿ ಇದ್ದ ಇಬ್ಬರು ಕಾವಲುಗಾರರು ಪೊಲೀಸ್ ಆ್ಯಕ್ಷನ್ ಆಗುವ ಮೊದಲೇ, ರಜಾಕಾರರ ಗದ್ದಲ ಎದ್ದಾಗಲೇ ಕಣ್ಮರೆಯಾಗಿದ್ದರು. ಎರಡು ವರ್ಷದಲ್ಲಿ ಸೀತಾಫಲದ ಗಿಡಗಳು ಅಂಗಳ ತುಂಬಿದ್ದವು. ಟಗರು ಅವುಗಳ ನಡುವೆ ಹಾದು, ಮಾಡು ಕುಸಿದ ಕುದುರೆಲಾಯದೊಳಗೆ ಹೊಕ್ಕಿತು. ಒಣಗಿದ ಹಿಕ್ಕೆಯ ನೆಲವನ್ನು ಮೂಸಿತು, ಸುತ್ತು ಹಾಕಿತು, ಮುಂಗಾಲು ಮಡಚಿ ಮಲಗಿತು.

ಅದು ಇಲ್ಲಿಗೇ ಯಾಕೆ ಬಂತೆಂದು ಗುಂಡಮ್ಮನಿಗೆ ಆಗ ಹೊಳೆಯಿತು. ರಜಾಕಾರರ ಗದ್ದಲದಲ್ಲಿ ಎರಡೂ ಸಂಸಾರ, ಇದ್ದಬದ್ದ ಕುರಿಗಳ ಸಮೇತ ಅಡಗಿದ್ದು ಇದೇ ಲಾಯದಲ್ಲಿ. ಒಂದೇ ಒಲೆ, ಒಂದೇ ರೊಟ್ಟಿಬುಟ್ಟಿ. ಟಗರು ಹುಟ್ಟಿದ್ದೂ ಇಲ್ಲೇ. ಅದರ ಲೆಕ್ಕದಲ್ಲಿ ಹಟ್ಟಿಯೆಂದರೆ ಇದೇ.

"ಏಳೋ ನಮ್ಮಪ್ಪ," ಗುಂಡಮ್ಮ ಅದರ ಮುಂದೆ ಕುಕ್ಕರಿಸಿದಳು. "ಹೊತ್ತ ಮುಳಗಾಕ ಬಂದದ. ನನ್ನ ಹಟ್ಟಿಗಿ ಬಾ. ಬ್ಯಾಡಾದ್ರ ಆಕಿ ಹಟ್ಟಿಗರೆ ಹೋಗು. ಇಲ್ಲಿ ಮಲಗಿದ್ರ ನಾ ಏನಂತ ಹೇಳಲಿ?"

ಟಗರು ಮೆಲುಕು ಹಾಕಿತು. ಸೂರ್ಯ ಬುರುಜಿನ ಹಿಂದೆ ಇಳಿದ. ಗುಂಡಮ್ಮ ನೆಲಕ್ಕೆ ಕೈ ಬಡಿದು ಅತ್ತೇಬಿಟ್ಟಳು. ದಿನವಿಡೀ ನಡೆದದ್ದು, ಮುಳ್ಳು ಚುಚ್ಚಿಸಿಕೊಂಡದ್ದು, ಬಂಡೆಗೆ ಜೋತುಬಿದ್ದದ್ದು, ಎಲ್ಲ ಇದಕ್ಕಾ?

ರಂಭಾಬಾಯಿ ಅವಳ ಪಕ್ಕಕ್ಕೆ ಬಂದು ಕೂತು, "ಜಾಊಬಾಯಿ, ಯಾರೂ ನೋಡಿಲ್ಲ," ಎಂದಳು. "ಇಳದ ಹೋಗಿ, ನಿಮ್ಮ ಹಟ್ಟ್ಯಾಗ ಮಲಗಿತ್ತು ಅಂತ ನಾನೇ ಹೇಳ್ತೀನಿ. ದೇವರನ್ನ ನೀವೇ ಇಟ್ಕೋರಿ. ಒಂದೇ ಮಾತ. ನನ್ನ ಮಕ್ಕಳಿಗಿ ಭಂಡಾರ ಹಚ್ಚಿಸ್ಕೊಳ್ಳಾಕ ಬರಗೊಡ್ರಿ."

"ಬರಬ್ಯಾಡ್ರಿ ಅಂತ ಯಾರಂದ್ರು?"

"ನೀವೇ ಅಂದಿದ್ರಿ. ಬ್ಯಾರಿ ಆದ ದಿನ, ಬಾಗಲದಾಗ ನಿಂತು. ನಮ್ಮ ಜಗಲಿ ಕಡಿ ಹಾಯಬ್ಯಾಡ್ರಿ ಅಂದ್ರಿ. ಸಣ್ಣಾಂವ ಹೊಸ್ತಿಲ ಮ್ಯಾಲಿಂದ ಅಳ್ಕೋತ ಬಂದ. ಅವತ್ತಿಂದ ದೊಡ್ಡವ್ವನ ದೇವರು ಬೇಕು, ದೊಡ್ಡವ್ವನ ದೇವರು ಬೇಕು ಅಂತ ಒಂದೇ ಹಟ. ಅದಕ್ಕೇ ನಾ ಇಷ್ಟೆಲ್ಲ ಗುದ್ದಾಡಿದ್ದು. ಇಲ್ಲಂದ್ರ ನನಗ ಈ ಗುಡ್ಡ ಯಾಕ ಬೇಕಿತ್ತು?"

ಗುಂಡಮ್ಮನಿಗೆ ಆ ಹೊತ್ತು ತನ್ನ ಬಾಯಿಯ ಮೇಲೆ ಬಂದ ಸಿಟ್ಟು ದಿನವಿಡೀ ಟಗರಿನ ಮೇಲೂ ಬಂದಿರಲಿಲ್ಲ. ಮಕ್ಕಳ ಗದ್ದಲವಿಲ್ಲದ ಜಗಲಿಯ ಮುಂದೆ ಮಳೆಗಾಲವಿಡೀ ಒಬ್ಬಳೇ ಕೂತು, ಮನಿ ಹಿಂಗ ಬಿಕೋ ಅನ್ನೂದ್ಯಾಕಪ್ಪಾ ಎಂದು ಬೀರಪ್ಪನನ್ನೇ ಕೇಳಿದ್ದಳು. ಅವನೂ ಹೇಳಿರಲಿಲ್ಲ. ಈಗ ಹೂಂ ಎಂದರೆ ದೇವರು ತನ್ನವನೇ. ಹೂಂ ಎನ್ನಲು ಬಾಯಿ ತೆರೆದಳು.

"ದೇವರ ಮಾತಿನ್ಯಾಗ ಸುಳ್ಳ ನಡೆಯೂದಿಲ್ಲ," ಎಂದಳು ಒರಟಾಗಿ, ಮೂಗು ಒರೆಸಿಕೊಳ್ಳುತ್ತ. "ಇಲ್ಲಿ ಮಲಗ್ಯಾನ, ಇಲ್ಲೇ ಇರ್ತಾನ. ಅಮಾಸಿಗೊಮ್ಮಿ ಬಂದು ದೀಪಾ ಹಚ್ಚಬೇಕು. ಈ ದರಿದ್ರ ಗುಡ್ಡ, ಅದೂ ನಿನ್ನ ಕೂಡ! ನನ್ನ ಕರ್ಮ ನೋಡು."

"ಆತು, ನಾವಿಬ್ರೂ ಬರೂಣು."

"ಇಬ್ಬರೇ ಯಾಕ? ಎಣ್ಣಿ ಯಾರು ಹೊರಬೇಕು, ಬತ್ತಿ ಯಾರು ತರಬೇಕು? ಮಕ್ಕಳನ್ನ ಕರ್ಕೊಂಡ ಬಾ. ನಾಲ್ಕೂ ಮಂದಿನ್ನ."

"ಸಣ್ಣಾಂವ ಆ ಬಂಡೆಗಲ್ಲ ಹೆಂಗ ದಾಟ್ತಾನ್ರಿ?"

"ನಿನಗ್ಯಾಕ ಅದರ ಚಿಂತಿ?" ಎಂದಳು ಗುಂಡಮ್ಮ. "ಅಂವನ್ನ ನಾ ಎತ್ಗೋತೀನಿ."