ಗಾಳಿ ಹಾಸಿಗೆ ಮತ್ತು ನಾನು

ನಾನು ಒಂದು ದಿಂಬು. ಗಾದಿ ಹೊಲಿಯುವ ದಸ್ತಗೀರ್ ಸಾಬರು ನನ್ನ ಹೊಟ್ಟೆಗೆ ಬೂರುಗದ ಹತ್ತಿ ತುಂಬಿ, ಮೇಲೆ ರೆಕ್ಸಿನ್ ಹೊಲಿದು ತಾಲ್ಲೂಕು ಆಸ್ಪತ್ರೆಗೆ ಕಳಿಸಿದರು. ತಲೆಗೆ ಇಡುವ ದಿಂಬಲ್ಲ ನಾನು. ತಾವಾಗಿ ಹೊರಳಲಾಗದ ರೋಗಿಗಳನ್ನು ಮಗ್ಗುಲಿಗೆ ತಿರುಗಿಸಿ, ಮತ್ತೆ ಅಂಗಾತವಾಗದಂತೆ ಬೆನ್ನಿಗೆ ನನ್ನನ್ನು ಆನಿಸುತ್ತಿದ್ದರು. ಸದಾ ಒಂದೇ ಕಡೆ ಮಲಗಿದರೆ ಮೈ ಹುಣ್ಣಾಗುತ್ತದೆ. ಅದನ್ನು ತಡೆಯುವುದು ನಾನೇ ಎಂಬ ಜಂಬ ನನಗಿತ್ತು.

ಆಮೇಲೆ ಗಾಳಿ ಹಾಸಿಗೆ ಬಂತು, ಯಾರೋ ದಾನ ಕೊಟ್ಟದ್ದು. ಕರೆಂಟಿನಿಂದ ತಾನೇ ಉಬ್ಬುತ್ತಿತ್ತು, ತಾನೇ ಇಳಿಯುತ್ತಿತ್ತು. ಡಾಕ್ಟರು ಒತ್ತಿ ನೋಡಿ, ಇನ್ನು ಮೈ ಹುಣ್ಣಾಗದು ಎಂದು ಹೊಗಳಿದರು. ಬಂದವರೆಲ್ಲ ಅದನ್ನೇ ಮುಟ್ಟಿದರು. ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿದ್ದ ಬಸ್ ಡ್ರೈವರ್ ಚನ್ನವೀರಪ್ಪನವರನ್ನು ಅದರ ಮೇಲೆ ಮಲಗಿಸಿ, ನನ್ನನ್ನು ಕಪಾಟಿನ ಮೇಲೆ ಎಸೆದರು. ಅಲ್ಲಿ ಬಿದ್ದು ಅದರ ಬುಸುಬುಸು ಉಸಿರು ಕೇಳುತ್ತಿದ್ದರೆ ನನ್ನ ಹತ್ತಿಯೆಲ್ಲ ಉರಿಯುತ್ತಿತ್ತು. ಯಾರಾದರೂ ಅದಕ್ಕೊಂದು ಸೂಜಿ ಚುಚ್ಚಲಿ ಎಂದು ಹಾರೈಸಿದೆ.

ಹಾಸಿಗೆ ಬಂದ ಮೇಲೆ ಚನ್ನವೀರಪ್ಪನವರನ್ನು ತಿರುಗಿಸುವುದು ತಪ್ಪತೊಡಗಿತು. ಯಂತ್ರವೇ ನೋಡಿಕೊಳ್ಳುತ್ತದೆ ಎಂದು ಕೆಲವು ನರ್ಸುಗಳು, ಹಿಂದಿನ ಪಾಳಿಯವರು ತಿರುಗಿಸಿರುತ್ತಾರೆ ಎಂದು ಕೆಲವರು ಸುಮ್ಮನಾದರು. ಒಂದು ಬೆಳಿಗ್ಗೆ ಮೈ ಒರೆಸುವಾಗ ಹೆಂಡತಿ ನೀಲವ್ವನಿಗೆ ಗಂಡನ ಸೊಂಟದ ಹಿಂದೆ ಹುಣ್ಣು ಕಾಣಿಸಿತು. ನಾನು ಗೆದ್ದೆ ಅನ್ನಿಸಿತು. ಆದರೆ ಔಷಧಿ ಹಚ್ಚುವಾಗ ಆ ಗಟ್ಟಿ ಆಳು ಮಗುವಿನಂತೆ ನರಳಿದರು. ಆ ಗೆಲುವು ನನಗೆ ರುಚಿಸಲಿಲ್ಲ.

ವಾರ್ಡಿನ ಹಿರಿಯ ನರ್ಸ್ ಎಸ್ತೇರಮ್ಮ ಉಳಿದವರನ್ನು ಕರೆದರು.

"ಬೈಯಾಕ ಕರದಿಲ್ಲ. ಇನ್ನೊಬ್ರು ಹೊಳ್ಳಿಸಿರತಾರ ಅಂತ ಎಲ್ಲಾರೂ ತಿಳಕೊಂಡ್ವಿ, ನಾನೂ ತಿಳಕೊಂಡೆ. ಇನ್ನ ಮಾತ್ರಿ ಕೊಡಾಕ ಬರ್ರಿ, ಬಿಪಿ ನೋಡಾಕ ಬರ್ರಿ, ಮೊದಲ ಮಗ್ಗಲಾ ಹೊಳ್ಳಸ್ರಿ. ಆಮ್ಯಾಲೆ ನಿಮ್ಮ ಕೆಲಸ."

ಅವರೇ ನನ್ನನ್ನು ಕೆಳಗಿಳಿಸಿ ಧೂಳು ಒರೆಸಿದರು. ಅಂದಿನಿಂದ ನನ್ನ ವಾಸ ವೈರಿಯ ಮೇಲೆಯೇ. ಯಾರು ಯಾವ ಕೆಲಸಕ್ಕೆ ಬಂದರೂ ಮೊದಲು ನನಗೆ ಕೈ ಹಾಕುತ್ತಿದ್ದರು. ಹುಣ್ಣು ನಿಧಾನವಾಗಿ ಒಣಗಿತು. ನೋಡಲು ಬಂದ ನೆಂಟರು ಮಾತ್ರ ಹಾಸಿಗೆಯನ್ನೇ ಕೊಂಡಾಡಿದರು. ನನಗೆ ಮತ್ತೆ ಉರಿಯಿತು.

ಮನೆಗೆ ಕಳಿಸುವ ದಿನ ನೀಲವ್ವ ಎಸ್ತೇರಮ್ಮನವರ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ಅಕ್ಕಾರ, ಅಂಥಾ ಹಾಸಿಗಿ ನಮಗ ನಿಲುಕೂದಲ್ಲ. ಈ ದಿಂಬು ಕೊಡ್ರಿ. ಹೊಳ್ಳಸೂದು ನಾ ಕಲತೇನಿ."

ಹಾಸಿಗೆ ಅಲ್ಲೇ ಬುಸುಗುಡುತ್ತ ಉಳಿಯಿತು. ನಾನು ಆಟೋದಲ್ಲಿ ನೀಲವ್ವನ ತೊಡೆಯೇರಿ ಹೊರಟೆ.

ಮನೆಯಲ್ಲಿ ನನಗೆ ಎದುರಾಳಿಯೇ ಇರಲಿಲ್ಲ. ನೀಲವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದಾದರೂ ಗಂಡನನ್ನು ಹೊರಳಿಸುತ್ತಿದ್ದರು. ಹಾಗೇ ತಿಂಗಳುಗಳು ಕಳೆದು, ಒಂದು ದಿನ ಅವರು ಬರುವ ಮೊದಲೇ ಚನ್ನವೀರಪ್ಪನವರ ಎಡಗೈ ನಡುಗುತ್ತ ಮೇಲೆದ್ದಿತು, ಮಂಚದ ಪಟ್ಟಿ ಹಿಡಿಯಿತು. ಅವರು ತಾವಾಗಿಯೇ ಮಗ್ಗುಲಾದರು. ನಾನು ಜಾರಿ ನೆಲಕ್ಕೆ ಬಿದ್ದೆ. ಬಾಗಿಲಲ್ಲಿ ನಿಂತು ನೋಡಿದ ನೀಲವ್ವ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ಅತ್ತರು.

ಈಗ ನನ್ನ ರೆಕ್ಸಿನ್ ಬಿರಿದಿದೆ, ಹತ್ತಿ ಗಂಟುಗಟ್ಟಿದೆ. ಮೂಲೆಯಲ್ಲಿ ಬಿದ್ದಿದ್ದೇನೆ. ನನ್ನನ್ನು ಬೇಡವಾಗಿಸಿದ ಆ ಎಡಗೈಯ ಮೇಲೆ ಇವತ್ತಿಗೂ ಹೊಟ್ಟೆಕಿಚ್ಚಿದೆ. ಆದರೂ ಬೆಳಿಗ್ಗೆ ಅದು ಮಂಚದ ಪಟ್ಟಿ ಹಿಡಿಯುವುದು ಒಂದಿಷ್ಟು ತಡವಾದರೆ ನನ್ನ ಜೀವ ಚಡಪಡಿಸುತ್ತದೆ.