ಆರು ವೋಲ್ಟಿನ ಹಾರ್ನ್

ಚಲಪತಿಯವರ ತಾತನ ಕಾಲದ ಕಾರು ಆರು ವೋಲ್ಟಿನದು. ಅಂಥ ಬ್ಯಾಟರಿ ಸಿಗುವುದು ಕಷ್ಟವೆಂದು ಅವರು ಗೌರಿಬಿದನೂರಿನಲ್ಲಿ ಯಾರಿಂದಲೋ ಅದನ್ನು ಹನ್ನೆರಡು ವೋಲ್ಟಿಗೆ ಬದಲಾಯಿಸಿಕೊಂಡು ಬಂದರು. ಬದಲಾಯಿಸಿದ ಪುಣ್ಯಾತ್ಮ ಹೊಸ ಬಲ್ಬುಗಳನ್ನು ಹಾಕಿ ಕೈತೊಳೆದುಕೊಂಡಿದ್ದ. ಹಳೆಯ ಹಾರ್ನು, ವೈಪರ್ ಮೋಟಾರು, ಪೆಟ್ರೋಲ್ ಎಷ್ಟಿದೆಯೆಂದು ತೋರಿಸುವ ಮುಳ್ಳು ಮೂರೂ ಈ ಹೊಸ ಕರೆಂಟಿಗೆ ಸುಟ್ಟುಹೋಗುವುದರಲ್ಲಿದ್ದವು. ಆಗ ನೆನಪಾದವನು ಚಿಂತಾಮಣಿಯ ಆಟೋ ಎಲೆಕ್ಟ್ರಿಷಿಯನ್ ಬಯ್ಯಪ್ಪ.

ಬಯ್ಯಪ್ಪನ ಅಪ್ಪ ಪಾಪಯ್ಯ ಮೂವತ್ತು ವರ್ಷ ಆ ಕಾರು ಓಡಿಸಿದವನು. ಆದರೆ ಆಯುಧಪೂಜೆಯ ದಿನ ಮಾತ್ರ ಕೆಂಚಾರ್ಲಹಳ್ಳಿಯ ಚಲಪತಿಯವರ ಮನೆಯ ಗೇಟಿನಾಚೆ ಕೈಕಟ್ಟಿ ನಿಲ್ಲಬೇಕಿತ್ತು. ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸುವುದು ಮನೆಯವರ ಭಾಗ್ಯ, ಊರಾಚೆಯ ಕೇರಿಯವನದಲ್ಲ.

"ಈ ಸಲ ನೀನೇ ಹತ್ಸು ಬಯ್ಯಪ್ಪ. ಕಾಲ ಬದಲಾಗೈತೆ" ಎಂದರು ಚಲಪತಿ.

ಆ ಒಂದು ಮಾತಿಗೆ ಬಯ್ಯಪ್ಪ ಕರಗಿಹೋದ. ಪೆಟ್ರೋಲ್ ಮುಳ್ಳಿಗೆ ವೋಲ್ಟೇಜ್ ಇಳಿಸುವ ಪುಟ್ಟ ಡಬ್ಬಿ ತರಿಸಿ ಹಾಕಿದ. ವೈಪರ್ ಮೋಟಾರು ಬಿಚ್ಚಿ ಸಣ್ಣ ತಂತಿಯಲ್ಲಿ ಮತ್ತೆ ಸುತ್ತಿದ. ಹಾರ್ನನ್ನು ಬಿಚ್ಚಲು ಮಾತ್ರ ಅವನಿಗೆ ಮನಸ್ಸಾಗಲಿಲ್ಲ. ಚಿಕ್ಕಂದಿನಲ್ಲಿ ಅಪ್ಪ ಬಂದನೆಂದು ತಿಳಿಯುತ್ತಿದ್ದದ್ದೇ ಆ ದನಿಯಿಂದ. ಕರೆಂಟ್ ಒಲೆಯ ಸ್ಪ್ರಿಂಗಿನ ತುಂಡನ್ನು ಪಿಂಗಾಣಿಯ ಮೇಲೆ ಸುತ್ತಿ ಹಾರ್ನಿನ ತಂತಿಗೆ ಸೇರಿಸಿದ. ಹೆಚ್ಚಿನ ವೋಲ್ಟನ್ನು ಆ ಸ್ಪ್ರಿಂಗ್ ತಾನು ಕಾದು ತಿಂದುಹಾಕುತ್ತದೆ. ಗಾಳಿಯಾಡಲಿ ಎಂದು ಅದನ್ನು ಕಾರಿನ ಮುಂದಿನ ಜಾಲರಿಯ ಸಂದಿಯಲ್ಲೇ ಕೂರಿಸಿದ.

"ಹಾರ್ನು ತಟ್ಟಿ ಬಿಡ್ಬೇಕು, ಒತ್ತಿ ಹಿಡೀಬಾರ್ದು" ಎಂದು ಚಲಪತಿಯವರಿಗೆ ಎರಡೆರಡು ಸಲ ಹೇಳಿದ.

ಪೂಜೆಯ ದಿನ ಬಯ್ಯಪ್ಪ ಇಸ್ತ್ರಿ ಅಂಗಿ ತೊಟ್ಟು ಬಂದ. ಚಲಪತಿಯವರ ತಾಯಿ ಲಕ್ಷ್ಮೀನರಸಮ್ಮ ರೇಷ್ಮೆಗೂಡು ಪೋಣಿಸಿದ ಹಾರವನ್ನು ಸರಿಯಾಗಿ ಆ ಜಾಲರಿಗೇ ಕಟ್ಟಿಸಿದ್ದರು. ರೇಷ್ಮೆಯಿಂದ ಮೇಲೆ ಬಂದ ಮನೆ, ಹೂವಿನ ಜೊತೆಗೆ ಅದೂ ಇರಲೇಬೇಕು.

"ಅಮ್ಮೋರೆ, ಅಲ್ಲಿ ಸ್ಪ್ರಿಂಗು ಕಾಯ್ತೈತೆ. ಹಾರ ಒಂಚೂರು ಪಕ್ಕಕ್ಕೆ ಸರಿಸ್ಲಾ?"

"ಪೂಜೆ ಆಗಿರೋ ಹಾರ ಕಣಪ್ಪ, ನೀನು ಮುಟ್ಬೇಡ."

ಚಾಚಿದ ಕೈಯನ್ನು ಬಯ್ಯಪ್ಪ ಹಿಂದಕ್ಕೆಳೆದುಕೊಂಡ. ಪಕ್ಕದಲ್ಲೇ ಇದ್ದ ಚಲಪತಿ ಕೇಳಿಸಿಯೂ ಕೇಳಿಸದವರ ಹಾಗೆ ಕಾರಿನ ಬಾಗಿಲು ತೆರೆದರು. ಅವತ್ತು ಅಲ್ಲಿಂದಲೇ ಮನೆಗೆ ಹೋಗಿದ್ದರೆ ಬಯ್ಯಪ್ಪನ ಮಾನ ಉಳಿಯುತ್ತಿತ್ತು. ಆದರೆ ಅದು ಅಪ್ಪ ಕೂತ ಸೀಟು. ಹತ್ತಿ ಕೂತ.

ನಿಂಬೆಹಣ್ಣು ಚಕ್ರದಡಿ ಅಪ್ಪಚ್ಚಿಯಾಯಿತು. ಹಾರ್ನು ತಟ್ಟಿದ. ಅದೇ ದನಿ!

"ಇನ್ನೂ ಹೊಡಿ, ಇನ್ನೂ!" ಎಂದು ನೆಂಟರೆಲ್ಲ ಕೂಗಿದರು. ಅವರಿಗೇನು ಗೊತ್ತು, ಗೊತ್ತಿದ್ದವನು ಬಯ್ಯಪ್ಪ. ಗೊತ್ತಿದ್ದೂ ಒತ್ತಿ ಹಿಡಿದ. ಗೇಟಿನಾಚೆ ನಿಂತೇ ಬದುಕು ಸವೆಸಿ ಸತ್ತ ಅಪ್ಪನಿಗೆ ಕೇಳಲಿ ಎಂದು ಹಿಡಿದ.

ಮೊದಲು ಬಂದದ್ದು ಕೂದಲು ಸುಟ್ಟ ವಾಸನೆ, ಆಮೇಲೆ ಹೊಗೆ. ಕೆಂಪಗೆ ಕಾದ ಸ್ಪ್ರಿಂಗಿಗೆ ತಾಗಿ ಗೂಡುಗಳು ಕರಕಲಾಗುತ್ತಿದ್ದವು.

"ಹಬ್ಬದ ದಿನ ಮನೆ ಮುಂದೆ ಸ್ಮಶಾನದ ವಾಸನೆ! ಇವ್ನನ್ನ ಕೂರಿಸ್ಬೇಡ ಅಂತ ಬಡ್ಕೊಂಡೆ, ಕೇಳಿದ್ಯೇನೋ?" ಎಂದು ಲಕ್ಷ್ಮೀನರಸಮ್ಮ ಮಗನ ಮೇಲೆ ಹರಿಹಾಯ್ದರು.

ಬಯ್ಯಪ್ಪ ಚಲಪತಿಯವರ ಮುಖ ನೋಡಿದ. ಹಾರ ಸರಿಸಲು ಅವನು ಕೇಳಿದ್ದ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು.

"ಇಳಿ ಬಯ್ಯಪ್ಪ, ಅಮ್ಮನಿಗೆ ಬಿಪಿ ಐತೆ. ಹೋಗೋಕ್ ಮುಂಚೆ ಆ ಸ್ಪ್ರಿಂಗು ಒಂಚೂರು ಸರಿಮಾಡ್ಬಿಡು" ಎಂದರು ಚಲಪತಿ.

ಬಯ್ಯಪ್ಪ ಇಳಿದು ಸ್ಕ್ರೂಡ್ರೈವರ್ ಹಿಡಿದು ಕೂತ. ಸುಟ್ಟ ಹಾರವನ್ನು ಕಿತ್ತು ತೆಗೆಯುವಾಗ ಮುಟ್ಟಬೇಡ ಎಂದು ಯಾರೂ ಹೇಳಲಿಲ್ಲ. ಸ್ಪ್ರಿಂಗನ್ನು ಬೇರೆ ಕಡೆ ಕೂರಿಸಿ, ಕರಕಲು ಹಾರವನ್ನು ಕೈಯಲ್ಲಿ ಹಿಡಿದುಕೊಂಡೇ ಆಚೆ ಬಂದ.

ಅರ್ಚಕರು ತೀರ್ಥ ಚಿಮುಕಿಸಿ ಹೊಸ ನಿಂಬೆಹಣ್ಣು ಇಟ್ಟರು. ಈ ಸಲ ಸ್ಟಿಯರಿಂಗ್ ಹಿಡಿದವನು ಮನೆಯ ಅಳಿಯ ಉದಯಕುಮಾರ್. ಹಾರ್ನು ಒಂದಿಷ್ಟೂ ಕೆಟ್ಟಿರಲಿಲ್ಲ, ಪಾಪಯ್ಯನ ಕಾಲದ ದನಿಯಲ್ಲೇ ಕೂಗಿತು. ಪಾಪಯ್ಯ ವರ್ಷ ವರ್ಷ ಅದನ್ನು ಕೇಳುತ್ತಿದ್ದ ಜಾಗದಲ್ಲೇ, ಗೇಟಿನಾಚೆ, ಬಯ್ಯಪ್ಪ ನಿಂತಿದ್ದ.